ಶಾಂತಾಲ್ ಮತ್ತು ಕಲ್ಲವ್ವ

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳಿಸ್ತಾ ಇದೆಯಾ? ಮಳೆ ಜೋರಾಗಿ ತಗಡಿನ ಸದ್ದು ಜಾಸ್ತಿಯಾದರೆ ಕೈ ಎತ್ತಿ, ನಿಲ್ಲಿಸುತ್ತೇನೆ. ಧಾರವಾಡದ ಮಳೆಯ ಜೊತೆ ಜಿದ್ದಿಗೆ ಬೀಳುವಷ್ಟು ಗಂಟಲು ನನಗೀಗ ಉಳಿದಿಲ್ಲ.

ಕರಪತ್ರದಲ್ಲಿ ‘ಫ್ರೆಂಚಿನಿಂದ ಬಂದ ಹೆಸರುಗಳು’ ಅಂತ ಅಚ್ಚಾಗಿದೆ. ಅಷ್ಟೆಲ್ಲ ನನ್ನ ಕೈಲಿ ಆಗಲ್ಲ. ಒಂದೇ ಒಂದು ಹೆಸರು ಹಿಡಿದುಕೊಂಡು ಬಂದಿದ್ದೇನೆ. ಶಾಂತಾಲ್. ಹೆಣ್ಣುಮಕ್ಕಳ ಹೆಸರು. ಇದನ್ನು ಕೆಲವರು ‘ಚಾಂಟಲ್’ ಅಂತ ಓದಿರಬಹುದು, ಕೆಲವರು ‘ಶಾಂಟಲ್’ ಅಂತ. ಎರಡೂ ಇಂಗ್ಲಿಷ್ ಕನ್ನಡಕ ಹಾಕಿಕೊಂಡು ಓದಿದ್ದು. ಫ್ರೆಂಚರ ‘ಟಿ’ ನಮ್ಮ ಟಗರಿನ ಟ ಅಲ್ಲ, ತಬಲದ ತ. ನಾಲಿಗೆ ಹಲ್ಲಿಗೆ ತಾಗಬೇಕು. ‘ಶಾಂ’ ಅನ್ನೋದನ್ನು ಮೂಗಿನಲ್ಲಿ ಬಿಡಬೇಕು, ‘ನ್’ ಅಂತ ಮುಚ್ಚಬಾರದು. ಕೊಂಕಣಿ ಮಾತಾಡುವವರಿಗೆ ಇದು ಸಲೀಸು, ನಮಗೆ ಸ್ವಲ್ಪ ಕಷ್ಟ. ಶಾಂ-ತಾಲ್.

ಈಗ ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಕೇಳಿ. ಯಾರ ಹೆಸರು ನೆನಪಾಯಿತು? ಹೌದು, ಬೇಲೂರಿನ ರಾಣಿ. ಶಾಂತಲಾ.

ಎರಡಕ್ಕೂ ಹುಟ್ಟಿನ ಸಂಬಂಧ ಏನೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾಳೆ ಯಾರಾದರೂ ವಾಟ್ಸ್ಯಾಪಿನಲ್ಲಿ ‘ಹೊಯ್ಸಳ ರಾಣಿಯ ಹೆಸರು ಫ್ರಾನ್ಸಿಗೆ ಹೋದ ಕಥೆ’ ಅಂತ ಹಾಕಿದರೆ ನನ್ನನ್ನು ಕೇಳಬೇಡಿ. ಏಚಲದೇವಿ, ಕೇತಲದೇವಿ, ಚಂದಲದೇವಿ, ಪದ್ಮಲದೇವಿ, ನಮ್ಮ ಶಾಸನಗಳ ತುಂಬ ಇಂಥ ‘ಲ’ಕಾರದ ರಾಣಿಯರಿದ್ದಾರೆ. ಶಾಂತಲೆ ಆ ಸಾಲಿನವಳು. ಫ್ರೆಂಚ್ ಶಾಂತಾಲ್ ಬೇರೆ ಮನೆಯವಳು. ಆದರೆ ಕಿವಿಗೆ ಎರಡೂ ಒಂದೇ. ಆ ಕಾರಣಕ್ಕೆ ನಮ್ಮ ಮನೆಯಲ್ಲಿ ಮೂವತ್ತು ವರ್ಷದಿಂದ ಒಂದು ರಗಳೆ ನಡೆದಿದೆ. ಹೋದ ತಿಂಗಳು ಅದು ಮತ್ತೆ ಎದ್ದಿತು. ಅದರಲ್ಲಿ ನಾನು ಸೋತೆ. ಮನೆಯಲ್ಲಿ ಸೋತವನು ಸಭೆಯಲ್ಲಿ ಮಾತಾಡುತ್ತಾನೆ ಅಂತಾರಲ್ಲ, ಹಾಗೆ ಬಂದು ನಿಂತಿದ್ದೇನೆ.

ನಮ್ಮ ಸೋದರತ್ತೆಗೆ ಒಬ್ಬಳೇ ಮಗಳು. ಅವಳ ಹೆಸರೂ ರಾಣಿಯದೇ. ಅತ್ತೆ ಮಗಳು ಅಂದ ಕೂಡಲೇ ಅಲ್ಲಿ ಯಾರೋ ನಕ್ಕರು. ನಗಬೇಡಿ ಸರ್, ನನಗಿಂತ ಐದು ವರ್ಷ ದೊಡ್ಡವಳು, ನಾನು ಅಕ್ಕ ಅಂತಲೇ ಕರೆಯೋದು. 1994ರಲ್ಲಿ ಮದುವೆಯಾಗಿ ಗಂಡನ ಜೊತೆ ಜರ್ಮನಿಗೆ ಹೋದಳು, ಸ್ಟುಟ್‌ಗಾರ್ಟ್ ಹತ್ತಿರದ ಒಂದು ಊರಿಗೆ. ಅಲ್ಲಿ ಅಪಾರ್ಟ್‌ಮೆಂಟಿನ ಕೆಳಗೆ, ಬಾಗಿಲ ಪಕ್ಕ ಸಾಲಾಗಿ ಬೆಲ್‌ಗಳು. ಪ್ರತಿ ಬೆಲ್ ಪಕ್ಕ ಬೆರಳಗಲದ ಒಂದು ಪಟ್ಟಿ. ಅದರಲ್ಲಿ ಮನೆಯವರ ಅಡ್ಡಹೆಸರು. ಭಾವನ ಅಡ್ಡಹೆಸರು ಆ ಪಟ್ಟಿಯಲ್ಲಿ ಹಿಡಿಸಲಿಲ್ಲ. ನಮ್ಮ ಕಡೆಯ ಅಡ್ಡಹೆಸರುಗಳು ನಿಮಗೆ ಗೊತ್ತೇ ಇವೆ, ಸಂತೆಯಿಂದ ವಾಪಸ್ ಬರೋ ಚಕ್ಕಡಿ ಇದ್ದ ಹಾಗೆ. ಸುಮ್ನೆ ಯಾಕೆ ಒದ್ದಾಟ ಅಂತ ಅಕ್ಕ ತನ್ನ ಹೆಸರನ್ನೇ ಬರೆದು ಸಿಕ್ಕಿಸಿದಳು. ನಾವು ಇಂಗ್ಲಿಷಿನಲ್ಲಿ ಬರೆಯೋ ಹಾಗೆ, ಎಸ್ ಎಚ್ ಇಂದ ಶುರುಮಾಡಿ, ಕೊನೆಗೆ ಒಂದು ಎ.

ಆ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಮೆಟ್ಟಿಲು ಗುಡಿಸುವ ವಾರದ ಪಾಳಿ. ಯಾರ ಪಾಳಿ ಬಂತೋ ಅವರ ಬಾಗಿಲಿಗೆ ಒಂದು ಪುಟ್ಟ ಫಲಕ ನೇತುಹಾಕುತ್ತಾರೆ. ಅದು ನೇತುಬಿದ್ದ ಮೇಲೆ ಜ್ವರ ಬಂದಿದೆ, ನೆಂಟರು ಬಂದಿದ್ದಾರೆ, ಏನೂ ನಡೆಯಲ್ಲ. ಆ ಕಟ್ಟಡದಲ್ಲಿ ಫಲಕದ ಯಜಮಾನಿಕೆ ಮೂರನೇ ಮಹಡಿಯ ಒಬ್ಬ ಮುದುಕಿಯದು. ಮೊದಲ ಸಲ ಫಲಕ ತಂದವಳು ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿ, “ಬೆಲ್ ಮೇಲೆ ನಿಮ್ಮ ಹೆಸರು ತಪ್ಪಾಗಿದೆ” ಅಂದಳಂತೆ. “ಎಸ್ ಎಚ್ ಅಲ್ಲ, ಸಿ ಎಚ್. ಕೊನೆಯ ಎ ಬೇಡ.”

ಅಕ್ಕನ ಜರ್ಮನ್ ಆಗ ಅಂಬೆಗಾಲಿಡುತ್ತಿತ್ತು. ಕಷ್ಟಪಟ್ಟು ಹೇಳಿದಳಂತೆ, ಇದು ನನ್ನ ಹೆಸರೇ, ನಮ್ಮ ನಾಡಿನ ಒಬ್ಬ ರಾಣಿಯ ಹೆಸರು ಅಂತ. ಮುದುಕಿ ತಲೆಯಾಡಿಸಿ, “ಈ ಬೀದಿಯಲ್ಲಿ ಮೂವರು ಶಾಂತಾಲ್ ಇದ್ದಾರೆ. ಮೂವರ ಅಮ್ಮಂದಿರೂ ಇದನ್ನೇ ಹೇಳುತ್ತಾರೆ” ಅಂದಳಂತೆ. ಮಾರನೇ ದಿನ ಬೆಳಿಗ್ಗೆ ಕೆಳಗಿಳಿದು ನೋಡಿದರೆ ಬೆಲ್ ಪಕ್ಕದ ಪಟ್ಟಿ ಬದಲಾಗಿತ್ತು. ನೀಲಿ ಶಾಯಿಯಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಸಿ ಎಚ್ ಇಂದ ಶುರುವಾಗುವ ಶಾಂತಾಲ್. ಮುದುಕಿ ಉಪಕಾರ ಮಾಡಿದ್ದಳು! ಆ ಪಟ್ಟಿ ಹನ್ನೊಂದು ವರ್ಷ ಅಲ್ಲೇ ಇತ್ತು. ಮನೆ ಬದಲಿಸುವಾಗ ಅಕ್ಕ ಅದನ್ನು ಕಿತ್ತು ಪರ್ಸಿನಲ್ಲಿಟ್ಟುಕೊಂಡಳು. ನನಗೆ ತೋರಿಸಿದ್ದಾಳೆ. ಅಂಚು ಹಳದಿಯಾಗಿದೆ, ಶಾಯಿ ಇನ್ನೂ ಗಟ್ಟಿಯಾಗಿದೆ.

ಆಗ ಅಕ್ಕನಿಗೆ ಇದು ತಮಾಷೆ. ಯಾರೋ ಫ್ರೆಂಚ್ ಚೆಲುವೆಯ ಹೆಸರು ಪುಕ್ಕಟೆ ಸಿಕ್ಕಿತು ಅಂತ ಖುಷಿ ಕೂಡ. ಆ ಹೆಸರು ಅಲ್ಲಿ ಏನಾಗಿದೆ ಅಂತ ತಿಳಿದದ್ದು ತಡವಾಗಿ. ಅದಕ್ಕೆ ಬರುತ್ತೇನೆ. ಮೊದಲು ಹೆಸರಿನ ತವರಿಗೆ ಹೋಗೋಣ.

ಶಾಂತಾಲ್ ಮೂಲದಲ್ಲಿ ಹೆಣ್ಣಿನ ಹೆಸರೇ ಅಲ್ಲ. ಊರಿನ ಹೆಸರು. ದಕ್ಷಿಣ ಫ್ರಾನ್ಸಿನ ಹಳೆಯ ಭಾಷೆ ಓಕ್ಸಿತಾನ್‌ನಲ್ಲಿ ‘ಕಂತಾಲ್’ ಅಂದರೆ ಕಲ್ಲು, ಬಂಡೆ. ಮಕ್ಕಳಿಗೆ ಹೆಸರು ಹುಡುಕಿಕೊಡುವ ಪುಸ್ತಕಗಳಲ್ಲಿ ಇದಕ್ಕೆ ‘ಹಾಡು’ ಅಂತ ಅರ್ಥ ಕೊಟ್ಟಿರುತ್ತಾರೆ. ಫ್ರೆಂಚಿನಲ್ಲಿ ಹಾಡಿಗೆ ‘ಶಾಂ’ ಅಂತಾರೆ ನೋಡಿ, ಅದಕ್ಕೇ ಗಂಟು ಹಾಕಿದ್ದಾರೆ. ಸುಳ್ಳು. ಚೆಂದದ ಸುಳ್ಳು, ಆದರೂ ಸುಳ್ಳು. ಹಾಡಲ್ಲ, ಕಲ್ಲು. ಈ ಕಲ್ಲನ್ನು ಇಲ್ಲೇ ಇಟ್ಟಿರುತ್ತೇನೆ, ಆಮೇಲೆ ಬೇಕಾಗುತ್ತದೆ.

ಊರಿನ ಹೆಸರು ಹೆಣ್ಣಿನ ಹೆಸರಾದದ್ದು ಒಬ್ಬ ವಿಧವೆಯಿಂದ. 1572ರಲ್ಲಿ ದಿಜೋನ್ ನಗರದಲ್ಲಿ ಹುಟ್ಟಿದವಳು, ಹೆಸರು ಜಾನ್. ಗಂಡಸಿನ ಹೆಸರಲ್ಲ, ಫ್ರೆಂಚರಲ್ಲಿ ಜಾನ್ ಹೆಣ್ಣು. ಶಾಂತಾಲ್ ಎಂಬ ಜಾಗದ ಜಹಗೀರುದಾರನನ್ನು ಮದುವೆಯಾದಳು. 1601ರಲ್ಲಿ ಬೇಟೆಗೆ ಹೋದಾಗ ಗುರಿ ತಪ್ಪಿದ ಗುಂಡು ತಾಗಿ ಗಂಡ ಸತ್ತ. ಇವಳಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ನಾಲ್ಕು ಮಕ್ಕಳು. 1604ರಲ್ಲಿ ಫ್ರಾನ್ಸಿಸ್ ಡಿ ಸೇಲ್ಸ್ ಎಂಬ ಬಿಷಪ್ಪನ ಪ್ರವಚನ ಕೇಳಿದಳು. ಈ ಹೆಸರು ನೀವು ಕೇಳಿರುತ್ತೀರಿ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇವರ ಹೆಸರಿನ ಕಾಲೇಜಿದೆ, ನಿಮ್ಮ ಮೊಮ್ಮಕ್ಕಳು ಓದಿದ್ದರೂ ಓದಿರಬಹುದು. ಇಬ್ಬರೂ ಸೇರಿ 1610ರಲ್ಲಿ ಆನ್ಸಿ ಎಂಬ ಊರಿನಲ್ಲಿ ಒಂದು ಸನ್ಯಾಸಿನಿಯರ ಮಠ ಕಟ್ಟಿದರು. ಬೇರೆ ಮಠಗಳು ಬೇಡವೆನ್ನುತ್ತಿದ್ದ ವಯಸ್ಸಾದವರನ್ನೂ ಕಾಯಿಲೆಯವರನ್ನೂ ಇಲ್ಲಿ ಸೇರಿಸಿಕೊಳ್ಳುತ್ತಿದ್ದರು.

ಜಾನ್ ಮಠಕ್ಕೆ ಹೊರಟ ದಿನದ ಕಥೆಯನ್ನು ಫ್ರಾನ್ಸಿನಲ್ಲಿ ಇಂದಿಗೂ ಹೇಳುತ್ತಾರೆ. ತವರಿನಲ್ಲಿ ಎಲ್ಲರಿಗೂ ಹೋಗಿಬರುತ್ತೇನೆ ಅಂತ ಹೇಳಿ ಹೊರಟಾಗ ಹದಿಹರೆಯದ ಮಗ ಹೊಸ್ತಿಲಿಗೆ ಅಡ್ಡ ಮಲಗಿದನಂತೆ. ನನ್ನನ್ನು ದಾಟಿಕೊಂಡು ಹೋಗು ಅಂದನಂತೆ. ಅವಳು ನಿಂತಳು, ಅತ್ತಳು, ದಾಟಿದಳು. ಕದಳಿಗೆ ಹೊರಟ ಅಕ್ಕಮಹಾದೇವಿಯ ಕಥೆ ಕೇಳಿ ಬೆಳೆದ ನಮಗೆ ಮನೆ ಬಿಟ್ಟ ಹೆಣ್ಣು ಹೊಸಬಳಲ್ಲ. ಆದರೂ ಆ ಮಗನ ಮೈ ದಾಟುವ ಹೆಜ್ಜೆ ಇದೆಯಲ್ಲ, ನನಗೆ ಇವತ್ತಿಗೂ ನುಂಗೋಕಾಗಲ್ಲ. ಇಗರ್ಜಿಯವರು ಅದನ್ನು ದೃಢಭಕ್ತಿ ಅಂತಾರೆ. ನಮ್ಮ ಅತ್ತೆಗೆ ಒಮ್ಮೆ ಈ ಕಥೆ ಹೇಳಿದೆ. ಅವರು ಜೋಳ ಹಸನು ಮಾಡುತ್ತಿದ್ದರು. ಮೊರ ನಿಲ್ಲಿಸಿ ಕೇಳಿದರು: “ಆ ಹುಡುಗಗ ಆಮ್ಯಾಲ ಊಟಕ್ಕ ಯಾರು ಹಾಕಿದ್ರು?”

ಎಷ್ಟು ಸರಿಯಾದ ಪ್ರಶ್ನೆ ನೋಡಿ. ತಾತ ಹಾಕಿದ. ಅದು ದಾಖಲಾಗಿದೆ. ಹುಡುಗ ದೊಡ್ಡವನಾಗಿ 1627ರಲ್ಲಿ ಇಂಗ್ಲಿಷರ ವಿರುದ್ಧದ ಯುದ್ಧದಲ್ಲಿ ಸತ್ತ. ಅವನ ಒಂದು ವರ್ಷದ ಮಗಳು ಮುಂದೆ ಮದಾಂ ದ ಸೆವಿನ್ಯೆ ಅಂತ ಹೆಸರಾದಳು. ದೂರ ಹೋದ ತನ್ನ ಮಗಳಿಗೆ ಬರೆದ ಪತ್ರಗಳಿಂದಲೇ ಫ್ರೆಂಚ್ ಸಾಹಿತ್ಯದಲ್ಲಿ ಜಾಗ ಪಡೆದವಳು. ಅಜ್ಜಿ ಮಗನನ್ನು ದಾಟಿ ಹೋದಳು, ಮೊಮ್ಮಗಳು ಮಗಳಿಗೆ ಕಾಗದ ಬರೆಯುತ್ತಾ ಕೂತಳು. ಇದರಲ್ಲೊಂದು ಕಾದಂಬರಿ ಇದೆ. ಇವತ್ತು ಬೇಡ.

ಜಾನ್ 1641ರಲ್ಲಿ ತೀರಿಕೊಂಡಳು. 1767ರಲ್ಲಿ ಸಂತಳೆಂದು ಘೋಷಿಸಿದರು. ಹೆಸರು ಸಂತ ಜಾನ್ ದ ಶಾಂತಾಲ್, ಅಂದರೆ ಶಾಂತಾಲ್‌ನ ಜಾನ್. ಆದರೆ ಜಾನ್ ಎಂಬ ಸಂತರು ಬೇಕಾದಷ್ಟು ಜನ ಇದ್ದಾರೆ. ಗುರುತಿಗೆ ಊರಿನ ಹೆಸರೇ ಉಳಿಯಿತು. ನಾವು ಬಾದಾಮಿಯಿಂದ ಬಂದವರನ್ನು ‘ಬಾದಾಮಿ ಬಂದ್ರು’ ಅನ್ನಲ್ವಾ, ಹಾಗೆ. ಇದೊಂದೇ ಅಲ್ಲ, ಕ್ಸೇವಿಯರ್ ಕೂಡ ಹಾಗೇ ಆದದ್ದು. ಗೋವೆಗೆ ಬಂದ ಸಂತ ಫ್ರಾನ್ಸಿಸ್ ಹುಟ್ಟಿದ್ದು ಸ್ಪೇನಿನ ಹಾವಿಯೆರ್ ಎಂಬ ಕೋಟೆಯಲ್ಲಿ. ಆ ಹೆಸರು ಬಾಸ್ಕ್ ಭಾಷೆಯ ಎರಡು ಪದಗಳಿಂದ ಬಂದದ್ದು, ‘ಎತ್ಚೆ ಬೆರ್ರಿ’. ಅರ್ಥ ಏನು ಗೊತ್ತಾ? ಹೊಸ ಮನೆ. ಅಂದರೆ ಜಗತ್ತಿನ ಎಲ್ಲ ಕ್ಸೇವಿಯರ್‌ಗಳೂ ಹೊಸಮನಿಯವರೇ! ಈ ಸಭೆಯಲ್ಲಿ ಹೊಸಮನಿಯವರು ಯಾರಿದ್ದೀರಿ? ನೋಡಿ, ಮೂವರಿದ್ದಾರೆ. ದೊಡ್ಡ ಬಳಗ ನಿಮ್ಮದು.

ಫ್ರಾನ್ಸಿನಲ್ಲಿ ಬೇಕಾದ ಹೆಸರು ಇಡೋ ಹಾಗಿರಲಿಲ್ಲ. 1803ರ ಕಾನೂನಿನ ಪ್ರಕಾರ ಪಂಚಾಂಗದಲ್ಲಿರುವ ಹೆಸರು, ಇಲ್ಲವೇ ಪ್ರಾಚೀನ ಇತಿಹಾಸದವರ ಹೆಸರು, ಅಷ್ಟೇ. 1966ರಲ್ಲಿ ಹಿಡಿತ ಸ್ವಲ್ಪ ಸಡಿಲಾಯಿತು, 1993ರಲ್ಲಿ ಬಿಟ್ಟರು. ಬಿಟ್ಟ ಮೇಲೆ ಒಂದು ಜೋಡಿ ಮಗಳಿಗೆ ನುಟೆಲ್ಲಾ ಅಂತ ಇಡಲು ಹೋಗಿ, ಕೋರ್ಟು ಅದನ್ನು ಎಲ್ಲಾ ಅಂತ ಮಾಡಿತು. ಅದಿರಲಿ. ಬಿಗಿಯಿದ್ದ ಕಾಲದಲ್ಲಿ ಸಂತಳ ಊರಿನ ಹೆಸರು ಅನ್ನೋ ನೆರಳಿನಲ್ಲಿ ಶಾಂತಾಲ್ ಒಳಗೆ ಬಂತು. ಮೊದಲು ಭಕ್ತ ಕ್ಯಾಥೊಲಿಕ್ ಮನೆಗಳಲ್ಲಿ, ಸ್ಥಿತಿವಂತರಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಮನೆಗೊಬ್ಬಳು. ಈಗ ಫ್ರಾನ್ಸಿನಲ್ಲಿ ಶಾಂತಾಲ್ ಅಂದರೆ ಎಪ್ಪತ್ತು ದಾಟಿದ ಅಜ್ಜಿ. ನಮ್ಮಲ್ಲಿ ಸರೋಜಾ, ವಿಮಲಾ, ಪ್ರೇಮಾ ಇದ್ದಾರಲ್ಲ, ಹಾಗೆ. ಯಾರೂ ನಗಲ್ಲ. ಯಾರೂ ಹುಬ್ಬೇರಿಸಲ್ಲ.

ಹುಬ್ಬೇರಿಸುವುದು ಪಕ್ಕದ ದೇಶದಲ್ಲಿ. ಈಗ ಜರ್ಮನಿಗೆ ಬಂದೆ. ನಾನು ಇಪ್ಪತ್ತು ವರ್ಷ ಜರ್ಮನ್ ಪಾಠ ಹೇಳಿದವನು, ಆ ಜನರ ಮೇಲೆ ಪ್ರೀತಿ ಇದೆ. ಪ್ರೀತಿಯಿಂದಲೇ ಬೈಯುತ್ತೇನೆ.

1990ರ ದಶಕದಲ್ಲಿ ಜರ್ಮನಿಯಲ್ಲಿ ಶಾಂತಾಲ್ ಹಬ್ಬಿತು. ಆದರೆ ಬಂದದ್ದು ಬೇರೆ ದಾರಿಯಿಂದ. ಸಂತಳೂ ಇಲ್ಲ, ಪಂಚಾಂಗವೂ ಇಲ್ಲ. ಫ್ರೆಂಚ್ ಅಂದರೆ ನಯ, ನಾಜೂಕು, ಸುಗಂಧ. ಮಗಳಿಗೆ ಅಷ್ಟಾದರೂ ಇರಲಿ ಅಂತ ಕೂಲಿಕಾರರು, ಲಾರಿ ಓಡಿಸುವವರು, ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ಕೂರುವ ತಾಯಂದಿರು ಇಟ್ಟ ಹೆಸರು. ಅದೇ ಸುಮಾರಿಗೆ ಗಂಡುಮಕ್ಕಳಿಗೆ ಕೆವಿನ್. 1991ರಲ್ಲಿ ಅದೇ ಮೊದಲ ಸ್ಥಾನದಲ್ಲಿತ್ತು. ಮನೆಯಲ್ಲಿ ಒಂಟಿಯಾಗಿ ಉಳಿದ ಪುಟ್ಟ ಹುಡುಗನ ಅಮೆರಿಕನ್ ಸಿನಿಮಾ ನೆನಪಿದೆಯಲ್ಲ, ಅದರ ಕೊಡುಗೆಯೂ ಉಂಟು.

ಓದಿದ ಮಂದಿ ನಗಲು ಶುರುಮಾಡಿದರು. ನಗುವಿಗೂ ಒಂದು ಶಾಸ್ತ್ರೀಯ ಹೆಸರು ಬೇಕಲ್ಲ, ಜರ್ಮನ್ನರು ನೋಡಿ, ‘ಕೆವಿನಿಸ್ಮಸ್’ ಅಂದರು, ಹೆಣ್ಣುಮಕ್ಕಳಿಗೆ ‘ಶಾಂತಾಲಿಸ್ಮಸ್’ ಅಂದರು. ಮಕ್ಕಳಿಗೆ ಇಂಥ ಹೆಸರಿಡುವ ಕಾಯಿಲೆ ಅಂತ ಅರ್ಥ. ಇನ್ನೂ ಚೇಷ್ಟೆ ಮಾಡಬೇಕೆಂದರೆ ಹೆಸರನ್ನು ಜರ್ಮನ್ ಉಚ್ಚಾರದಂತೆ ಬರೆದು ತೋರಿಸೋದು. ಸಿ ಎಚ್ ತೆಗೆದು ಎಸ್ ಸಿ ಎಚ್ ಹಾಕೋದು, ಕೊನೆಗೆ ಎರಡು ಎಲ್. ಪಾಪ, ತಾಯಿಗೆ ಕಾಗುಣಿತವೂ ಬರಲ್ಲ ಅನ್ನೋದು ತಮಾಷೆ. ಈಗ ಅರ್ಥವಾಯಿತಾ, ಮೂರನೇ ಮಹಡಿಯ ಮುದುಕಿಗೆ ಅಕ್ಕನ ಬೆಲ್ ಹೇಗೆ ಕಂಡಿತ್ತು ಅಂತ? ನಮ್ಮ ರಾಣಿಯ ಹೆಸರು ಅವಳ ಕಣ್ಣಿಗೆ ಅಕ್ಷರ ಬಾರದವರು ಬರೆದ ಶಾಂತಾಲ್.

2009ರಲ್ಲಿ ಓಲ್ಡನ್‌ಬುರ್ಗ್ ವಿಶ್ವವಿದ್ಯಾಲಯದಿಂದ ಒಂದು ಅಧ್ಯಯನ ಬಂತು. ಪ್ರಾಥಮಿಕ ಶಾಲೆಯ ಶಿಕ್ಷಕರನ್ನು ಕೇಳಿದರು, ಯಾವ ಹೆಸರು ಕೇಳಿದರೆ ಎಂಥ ಮಗು ಕಣ್ಣ ಮುಂದೆ ಬರುತ್ತೆ ಅಂತ. ಶಾರ್ಲಟ್, ಸೋಫಿ, ಮರೀ, ಹಾನಾ ಅಂದರೆ ಜಾಣೆ, ಒಳ್ಳೆಯವಳು. ಶಾಂತಾಲ್, ಮ್ಯಾಂಡಿ, ಆಂಜಲೀನಾ ಅಂದರೆ ಓದಲ್ಲ, ತುಂಟಿ. ಗಂಡುಮಕ್ಕಳಲ್ಲಿ ಅಲೆಕ್ಸಾಂಡರ್, ಮ್ಯಾಕ್ಸಿಮಿಲಿಯನ್ ಮೇಲೆ. ಕೆವಿನ್, ಜಸ್ಟಿನ್, ಮೊರಿಸ್ ಕೆಳಗೆ. ಒಬ್ಬ ಶಿಕ್ಷಕರು ಬರೆದ ಸಾಲು ದೇಶದ ತುಂಬ ಓಡಾಡಿತು: ಕೆವಿನ್ ಅನ್ನೋದು ಹೆಸರಲ್ಲ, ರೋಗದ ಹೆಸರು. ಆಮೇಲೆ 2013ರಲ್ಲಿ ಒಂದು ಶಾಲೆಯ ಹಾಸ್ಯ ಸಿನಿಮಾ ಬಂತು, ಅದರ ದಡ್ಡ ಹುಡುಗಿಗೆ ಶಾಂತಾಲ್ ಅಂತಲೇ ಹೆಸರು. 2024ರಲ್ಲಿ ಅವಳೊಬ್ಬಳಿಗಾಗಿಯೇ ಇನ್ನೊಂದು ಸಿನಿಮಾ.

ಈಗ ಆ ಪಟ್ಟಿ ಇನ್ನೊಮ್ಮೆ ನೋಡೋಣ. ನಾನು ಇಲ್ಲಿಗೆ ಬಂದದ್ದೇ ಇದನ್ನು ಹೇಳೋಕೆ. ಜಾಣೆಯರ ಸಾಲಿನಲ್ಲಿ ಮೊದಲು ಯಾರಿದ್ದರು? ಶಾರ್ಲಟ್. ಅದು ಎಲ್ಲಿಯ ಹೆಸರು? ಫ್ರೆಂಚ್! ಸೋಫಿ, ಮರೀ ಕೂಡ ಫ್ರೆಂಚ್ ರೂಪಗಳೇ. ದಡ್ಡಿಯರ ಸಾಲಿನ ಶಾಂತಾಲ್? ಫ್ರೆಂಚ್. ಶಾರ್ಲಟ್, ಶಾಂತಾಲ್ ಎರಡೂ ಒಂದೇ ಸಿ ಎಚ್ ಇಂದ ಶುರುವಾಗುತ್ತವೆ. ಎರಡನ್ನೂ ಜರ್ಮನ್ನರು ನಾಲಿಗೆ ಹೊರಳಿಸಿಯೇ ಹೇಳಬೇಕು. ಒಬ್ಬಳು ಮುಂದಿನ ಬೆಂಚು, ಇನ್ನೊಬ್ಬಳು ಹಿಂದಿನ ಬೆಂಚು. ಯಾಕೆ?

ಬಾಗಿಲು ಸ್ವಾಮಿ, ಬಾಗಿಲು. ಯಾವ ಬಾಗಿಲಿಂದ ಒಳಗೆ ಬಂತು ಅನ್ನೋದು. ಶಾರ್ಲಟ್ ಬಂದದ್ದು ಅರಮನೆಯ ಹೆಬ್ಬಾಗಿಲಿಂದ. ಹ್ಯಾನೋವರ್‌ನ ಸೋಫಿ ಶಾರ್ಲಟ್, ಹುಟ್ಟಿದ್ದು 1668ರಲ್ಲಿ, ಪ್ರಷ್ಯಾದ ಮೊದಲ ರಾಣಿ, ತತ್ತ್ವಜ್ಞಾನಿ ಲೈಬ್‌ನಿಟ್ಸ್ ಜೊತೆ ಕೂತು ವಾದ ಮಾಡಿದವಳು. 1705ರಲ್ಲಿ ಅವಳು ಸತ್ತ ಮೇಲೆ ಗಂಡ ಅವಳ ಅರಮನೆಗೆ ಶಾರ್ಲೊಟನ್‌ಬುರ್ಗ್ ಅಂತ ಹೆಸರಿಟ್ಟ. ಬರ್ಲಿನ್ನಿಗೆ ಹೋದವರು ನೋಡಿರುತ್ತೀರಿ. ಆ ಕಾಲದಲ್ಲಿ ಜರ್ಮನ್ ದೊರೆಗಳ ಮನೆಯಲ್ಲಿ ಮಾತು ಫ್ರೆಂಚು, ಊಟ ಫ್ರೆಂಚು, ಪತ್ರ ಫ್ರೆಂಚು. ಅವಳ ಮೊಮ್ಮಗ ಮಹಾ ಫ್ರೆಡರಿಕ್ ಪಾಟ್ಸ್‌ಡಾಮಿನಲ್ಲಿ ಕಟ್ಟಿದ ಅರಮನೆಗೆ ‘ಸಾನ್‌ಸೂಸಿ’ ಅಂತ ಹೆಸರಿಟ್ಟ, ಫ್ರೆಂಚಿನಲ್ಲಿ ‘ಚಿಂತೆ ಇಲ್ಲದ್ದು’ ಅಂತ. ಅವನನ್ನು ಯಾರಾದರೂ ಫ್ರೆಂಚ್ ಹುಚ್ಚಿನ ರೋಗಿ ಅಂದರಾ? ಇಲ್ಲ. ಮಹಾ ಅಂದರು. ಶಾಂತಾಲ್ ಬಂದದ್ದು ಹಿತ್ತಿಲ ಬಾಗಿಲಿಂದ, ಕೂಲಿಯವಳ ಕಂಕುಳಲ್ಲಿ. ಹೆಬ್ಬಾಗಿಲಿಂದ ಬಂದ ಫ್ರೆಂಚು ಸಂಸ್ಕೃತಿ, ಹಿತ್ತಿಲಿಂದ ಬಂದ ಫ್ರೆಂಚು ಶೋಕಿ.

ಇನ್ನೂ ಒಂದು ಮಜಾ ಇದೆ. ಶಾರ್ಲಟ್ ಅನ್ನೋದು ಶಾರ್ಲ್ ಅನ್ನೋದರ ಹೆಣ್ಣು ರೂಪ. ಶಾರ್ಲ್ ಎಲ್ಲಿಂದ ಬಂದ? ಜರ್ಮನ್ನರ ಕಾರ್ಲ್‌ನಿಂದ. ಅಂದರೆ ಗಂಡಸು, ಆಳು ಅಂತ ಅರ್ಥ ಬರುವ ಒಂದು ಒರಟು ಜರ್ಮನ್ ಪದ ಫ್ರಾನ್ಸಿಗೆ ಹೋಗಿ, ಅಲ್ಲಿ ಸೀರೆ ಉಟ್ಟು, ಪೌಡರ್ ಹಚ್ಚಿ, ತವರಿಗೆ ವಾಪಸ್ ಬಂತು. ತವರಿನವರಿಗೆ ಗುರುತೇ ಸಿಗಲಿಲ್ಲ, ಮಣೆ ಹಾಕಿ ಕೂರಿಸಿದರು.

ಇನ್ನೊಬ್ಬ ಶಾರ್ಲಟ್ ಜರ್ಮನಿಯಿಂದ ಇಂಗ್ಲೆಂಡಿಗೆ ಹೋಗಿ 3ನೇ ಜಾರ್ಜ್‌ನ ರಾಣಿಯಾದಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪುವಿನ ಸಿಂಹಾಸನವನ್ನು ತುಂಡು ತುಂಡು ಮಾಡಿದಾಗ ಅದರ ಮೇಲಿದ್ದ ರತ್ನದ ಹುಮಾ ಹಕ್ಕಿ ಹೋಗಿ ಸೇರಿದ್ದು ಆ ರಾಜ-ರಾಣಿಯ ಮನೆಯನ್ನೇ. ಈಗಲೂ ಅಲ್ಲಿನ ರಾಜಮನೆತನದ ಸಂಗ್ರಹದಲ್ಲಿದೆ. ಇದು ವಿಷಯಕ್ಕೆ ಸಂಬಂಧವಿಲ್ಲ, ಗೊತ್ತು. ಆದರೆ ಶಾರ್ಲಟ್‌ಗಳಿಗೆ ಎಲ್ಲ ಕಡೆಯಿಂದಲೂ ಬರುತ್ತೆ ಅನ್ನೋದಕ್ಕೆ ಹೇಳಿದೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ. ಆಯಿತು ಸರ್. ನಾನು ಐದು ಅಂಶ ಬರೆದುಕೊಂಡು ಬಂದಿದ್ದೆ, ಎರಡಾಗಿದೆ. ಮೂರನೆಯದು ನಮ್ಮ ಅತ್ತೆ, ಅದನ್ನು ಬಿಡೋಕಾಗಲ್ಲ.

ಜರ್ಮನ್ನರನ್ನು ಬೈದು ಕೈತೊಳೆದುಕೊಂಡರೆ ಆಗಲ್ಲ, ಅಲ್ವಾ? ಅತ್ತೆಯ ಹೆಸರು ಕಲ್ಲವ್ವ. ನಮ್ಮೂರ ದೇವರು ಕಲ್ಮೇಶ್ವರ, ಅವನ ಹೆಸರಿನಲ್ಲಿ ಊರ ತುಂಬ ಕಲ್ಲಪ್ಪ, ಕಲ್ಲವ್ವ. ಅತ್ತೆಯನ್ನು ಶಾಲೆಗೆ ಹಾಕಲು ಅಜ್ಜ ಕರೆದುಕೊಂಡು ಹೋದಾಗ ಮಾಸ್ತರು ಹಾಜರಿ ಪುಸ್ತಕ ತೆಗೆದು ಹೆಸರು ಕೇಳಿದರು. ಅಜ್ಜ ಹೇಳಿದ. ಮಾಸ್ತರು ಟಾಕು ಎತ್ತಿ ಹಿಡಿದು, “ಇದೇನು ಗಾಂವ್ಟಿ ಹೆಸರು, ಹುಡುಗಿ ಮುಂದ ಬರೋದು ಬ್ಯಾಡೇನು?” ಅಂದರಂತೆ. ಸ್ವಲ್ಪ ಹೊತ್ತು ಸೂರು ನೋಡಿ, ಆಮೇಲೆ ಬರೆದರಂತೆ: ಶೈಲಜಾ. ಕಲ್ಲು ಹೋಗಿ ಶೈಲ ಬಂತು. ಅರ್ಥ ಅದೇ! ಮಾಸ್ತರಿಗೂ ಪಾಪ ಕಲ್ಲನ್ನು ಪೂರ್ತಿ ಎತ್ತಿ ಒಗೆಯಲು ಮನಸ್ಸಾಗಲಿಲ್ಲ ಅಂತ ಕಾಣುತ್ತೆ. ಸಂಸ್ಕೃತದ ಹೆಬ್ಬಾಗಿಲಿಂದ ಒಳಗೆ ತಂದರು.

ಅತ್ತೆ ಏಳನೇ ಇಯತ್ತೆಯವರೆಗೆ ಶೈಲಜಾ. ಆಮೇಲೆ ಶಾಲೆ ಬಿಡಿಸಿದರು, ಮತ್ತೆ ಕಲ್ಲವ್ವ. ರೇಷನ್ ಕಾರ್ಡಿನಲ್ಲಿ ಕಲ್ಲವ್ವ, ಶಾಲೆಯ ದಾಖಲೆಯಲ್ಲಿ ಶೈಲಜಾ. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸಲು ನಾನೇ ಕೋರ್ಟಿನ ಹೊರಗೆ ಮರದ ಕೆಳಗೆ ಕೂತಿದ್ದೇನೆ. ಟೈಪಿಸ್ಟ್ ಕೇಳಿದ, “ಅಜ್ಜೀ, ಖರೇ ಹೆಸರು ಯಾವ್ದು?” ಅತ್ತೆ ಹೇಳಿದರು: “ಸಾಲ್ಯಾಗ ಕರದ್ರ ಶೈಲಜಾ ಓ ಅಂತಿದ್ಲು. ಕಲ್ಲವ್ವ ಮನ್ಯಾಗ ದನ ಕಾಯ್ತಿದ್ಲು.” ತನ್ನ ಮಗಳಿಗೆ ಮಾತ್ರ ಯಾವ ಮಾಸ್ತರೂ ಬದಲಿಸಲಾಗದ ಹೆಸರು ಹುಡುಕಿ ಇಟ್ಟರು. ರಾಣಿಯ ಹೆಸರು. ಅದನ್ನು ಬದಲಿಸಲು ಸ್ಟುಟ್‌ಗಾರ್ಟಿನಲ್ಲಿ ಒಬ್ಬ ಮುದುಕಿ ನೀಲಿ ಶಾಯಿ ಹಿಡಿದು ಕಾದಿದ್ದಳು ಅಂತ ಅವರಿಗೇನು ಗೊತ್ತು.

ಈಗ ಆಗಲೇ ಪಕ್ಕಕ್ಕಿಟ್ಟ ಕಲ್ಲು ಎತ್ತಿಕೊಳ್ಳಿ. ಶಾಂತಾಲ್ ಅಂದರೆ ಕಲ್ಲು. ಅದನ್ನು ಕನ್ನಡಕ್ಕೆ ಅನುವಾದ ಮಾಡಿದರೆ ಏನಾಯಿತು? ಕಲ್ಲವ್ವ! ಮಗಳನ್ನು ಶಾಂತಾಲ್ ಮಾಡಿದ್ದು ಜರ್ಮನ್ನರ ಕಿವಿ. ಅಮ್ಮ ಮಾತ್ರ ಅರ್ಥದಲ್ಲಿ ಮೊದಲಿಂದಲೂ ಶಾಂತಾಲೇ. ಇದು ಹೊಳೆದ ರಾತ್ರಿ ನಾನು ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಸಂಜೆ. ಅವಳು ತುಂಬಾ ಹೊತ್ತು ನಕ್ಕಳು, ಆಮೇಲೆ ಸುಮ್ಮನಾದಳು. ಆಮೇಲೆ ಹೇಳಿದಳು, ಮಗಳ ಶಾಲೆಯ ಪಾಲಕರ ಸಭೆಯಲ್ಲಿ ಎದೆಯ ಮೇಲೆ ಹೆಸರಿನ ಚೀಟಿ ಅಂಟಿಸಿಕೊಳ್ಳಬೇಕಿತ್ತಂತೆ. ಇವಳ ಚೀಟಿ ನೋಡಿ ಇಬ್ಬರು ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ. ಅಷ್ಟೇ. ಮಾತೇನೂ ಆಡಲಿಲ್ಲ. ಮುಂದಿನ ಸಲದಿಂದ ಇವಳು ಅಡ್ಡಹೆಸರು ಮಾತ್ರ ಬರೆದಳಂತೆ, ಚಕ್ಕಡಿಯಷ್ಟು ಉದ್ದದ್ದು.

ಐದು ನಿಮಿಷ ಅಂತೆ. ಉಳಿದ ಅಂಶಗಳನ್ನು ಓಡಿಸುತ್ತೇನೆ.

ಬೆಲ್ಜಿಯಂ. ಸಿನಿಮಾ ನಿರ್ದೇಶಕಿ ಶಾಂತಾಲ್ ಆಕರ್‌ಮನ್, 1950ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದವರು. ತಂದೆತಾಯಿ ಪೋಲೆಂಡಿನಿಂದ ಬಂದ ಯೆಹೂದಿಗಳು, ತಾಯಿ ಆಶ್ವಿಟ್ಜ್‌ನಿಂದ ಬದುಕಿ ಬಂದವರು. ಅವರಿಗೆ ಕ್ಯಾಥೊಲಿಕ್ ಸಂತಳ ಹೆಸರು ಯಾಕೆ? 1950ರ ಬ್ರಸೆಲ್ಸ್‌ನಲ್ಲಿ ಅದು ಬರೀ ಪಕ್ಕದ ಮನೆಯ ಹುಡುಗಿಯ ಹೆಸರಾಗಿತ್ತು. ಸಂತಳು ಅಷ್ಟರಲ್ಲಿ ಹೆಸರಿನಿಂದ ಎದ್ದು ಹೋಗಿದ್ದಳು. ಅವರು 1975ರಲ್ಲಿ ಮಾಡಿದ ಚಿತ್ರ 2022ರಲ್ಲಿ ಬ್ರಿಟನ್ನಿನ ಪತ್ರಿಕೆಯೊಂದು ನಡೆಸಿದ ವಿಮರ್ಶಕರ ಮತದಾನದಲ್ಲಿ ಸಾರ್ವಕಾಲಿಕ ಶ್ರೇಷ್ಠ ಚಿತ್ರ ಅನ್ನಿಸಿಕೊಂಡಿತು. ಆ ಚಿತ್ರದಲ್ಲಿ ಒಬ್ಬ ಹೆಂಗಸು ಮೂರೂಕಾಲು ಗಂಟೆ ಆಲೂಗಡ್ಡೆ ಸಿಪ್ಪೆ ತೆಗೆಯೋದು, ಪಾತ್ರೆ ತೊಳೆಯೋದು ಮಾಡುತ್ತಾಳೆ. ನಮ್ಮ ಅತ್ತೆ ನೋಡಿದ್ದರೆ ಇದರಲ್ಲೇನೈತಿ ಅಂತಿದ್ದರು.

ಇಂಗ್ಲಿಷ್ ನಾಡುಗಳಲ್ಲಿ ಅದು ಶಾಂಟೆಲ್ ಆಯಿತು, ಕಾಗುಣಿತ ಮನೆಗೊಂದು. ಬ್ರಿಟನ್ನಿನಲ್ಲೂ ಅದೇ ಹಿತ್ತಿಲ ಬಾಗಿಲು, ಅದೇ ನಗು. ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಗಳಿಗೆ ಇಡುವ ಹೆಸರುಗಳಲ್ಲೂ ಇದಿದೆ, ಆರು ವರ್ಷಕ್ಕೊಮ್ಮೆ ಸರದಿ. 2025ರ ಜುಲೈನಲ್ಲಿ ಆ ಶಾಂತಾಲ್ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನೆರೆ ತಂದಳು. ಆ ರಾಜ್ಯದ ದೊಡ್ಡ ನಗರ ಯಾವುದು ಗೊತ್ತಲ್ಲ? ಶಾರ್ಲಟ್. ಹುಮಾ ಹಕ್ಕಿಯ ರಾಣಿಯ ಹೆಸರಿನದೇ. ನಾನು ಬೇಕಂತ ಜೋಡಿಸಿದ್ದಲ್ಲ, ಹಾಗೇ ಇದೆ.

ನಾಲ್ಕನೆಯದು, ನಮ್ಮ ಕಡೆಯ ಹೆಸರು ಅತ್ತ ಹೋದದ್ದು. ಫ್ರೆಂಚ್ ಹೆರಿಗೆ ಡಾಕ್ಟರ್ ಫ್ರೆಡೆರಿಕ್ ಲಬೊಯೆ ಕಲ್ಕತ್ತೆಯಲ್ಲಿ ಒಬ್ಬ ತಾಯಿ ಮಗುವಿಗೆ ಎಣ್ಣೆ ಹಚ್ಚಿ ತಿಕ್ಕುವುದನ್ನು ನೋಡಿ ಬೆರಗಾಗಿ 1976ರಲ್ಲಿ ಪುಸ್ತಕ ಮಾಡಿದರು. ಆ ತಾಯಿಯ ಹೆಸರು ಶಾಂತಲಾ, ಪುಸ್ತಕದ ಹೆಸರೂ ಅದೇ. ಬ್ರೆಜಿಲ್‌ನಲ್ಲಿ ಈಗ ಮಗುವಿಗೆ ಎಣ್ಣೆ ಹಚ್ಚುವುದಕ್ಕೇ ‘ಶಾಂತಲಾ’ ಅಂತಾರೆ. ಅಕ್ಕ 1996ರಲ್ಲಿ ಬಾಣಂತಿಯಾಗಿದ್ದಾಗ ಸ್ಟುಟ್‌ಗಾರ್ಟಿನಲ್ಲಿ ಜರ್ಮನ್ ಮಾರ್ಕ್ ಕೊಟ್ಟು ಇದನ್ನು ಕಲಿಯಲು ಹೋಗಿದ್ದಳು. ಕಲಿಸುವವಳು ಹೆಸರು ಕೇಳಿದಳಂತೆ. ಅಕ್ಕ ಹೇಳಿದಳು. ಕಲಿಸುವವಳು ಎದ್ದು ನಿಂತು ಕೈ ಮುಗಿದಳಂತೆ! ಆ ದೇಶದಲ್ಲಿ ಆ ಹೆಸರಿಗೆ ಸಿಕ್ಕ ಒಂದೇ ಒಂದು ನಮಸ್ಕಾರ ಅದು.

ಐದನೆಯ ಅಂಶ ಬಿಟ್ಟೆ. ಗಂಟೆ ಬಾರಿಸಬೇಡಿ ಸರ್, ಎರಡೇ ಮಾತು.

ಏನಮ್ಮಾ? ಹೌದು ಹೌದು, ಸೋತ ಕಥೆ ಹೇಳಲೇ ಇಲ್ಲ. ಅಕ್ಕನ ಮಗಳಿಗೆ ಹೋದ ತಿಂಗಳು ಹೆಣ್ಣು ಮಗು. ಅತ್ತೆ ಹೋಗಿ ನಾಲ್ಕು ವರ್ಷವಾಯಿತು, ಅವರ ಹೆಸರು ಇಡಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಆಸೆ. ನಾನು ಕಲ್ಲವ್ವ ಅಂತಲೇ ಇಡಿ ಅಂದೆ. ಒಪ್ಪಲಿಲ್ಲ. ಹಾಗಾದರೆ ಶಾಂತಾಲ್ ಅಂತ ಇಡಿ, ಅದೇ ಅರ್ಥ, ಬೇಕಾದರೆ ನಾನೇ ಜರ್ಮನಿಗೆ ಬಂದು ಎಲ್ಲರಿಗೂ ವಿವರಿಸುತ್ತೇನೆ ಅಂದೆ. ಆ ಮೇಲೆ ನನ್ನನ್ನು ಫ್ಯಾಮಿಲಿ ಗ್ರೂಪಿನಲ್ಲಿ ಯಾರೂ ಮಾತಾಡಿಸಲಿಲ್ಲ. ಕೊನೆಗೆ ಕಾರ್ಲಾ ಅಂತ ಇಟ್ಟಿದ್ದಾರೆ. ಕಲ್ಲವ್ವನ ಕ ಇದೆ, ಲ ಇದೆ, ಅಲ್ಲಿಯ ಶಾಲೆಯಲ್ಲಿ ಯಾರೂ ನಗಲ್ಲ ಅಂದರು. ಕಾರ್ಲ್‌ನ ಹೆಣ್ಣು ರೂಪ, ಶಾರ್ಲಟ್‌ಳ ಖಾಸಾ ತಂಗಿ.

ಮೊನ್ನೆ ವಿಡಿಯೋ ಕಾಲ್ ಮಾಡಿದ್ದರು. ಕೂಸು ಅಕ್ಕನ ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಂಡು ಮಲಗಿತ್ತು. ಅಕ್ಕ ನನ್ನ ಕಡೆ ನೋಡದೆ, ಬೆನ್ನು ತಿಕ್ಕುತ್ತಾ, “ಏ ಕಲ್ಲೀ, ಮಾಮಾ ನೋಡಲ್ಲಿ” ಅಂದಳು.